ರಂಗಭವನದಲ್ಲಿ ಗಿಟಾರ್ ನಿಂತದ್ದು ಯಾಕೆ?

ಮುಂಬೈಯ ಹಳೇ ರಾಕ್ ಹುಚ್ಚರನ್ನು ಕೇಳಿ ನೋಡಿ, ಯಾವ ಶೋ ತಪ್ಪಿದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ ಅಂತ. ದೊಡ್ಡ ಸ್ಟೇಡಿಯಂಗಿಂತ ಸಣ್ಣ ಜಾಗಗಳ ಹೆಸರೇ ಜಾಸ್ತಿ ಬರುತ್ತದೆ, ಅದರಲ್ಲೂ ರಂಗಭವನ ಎಂಬ ಬಯಲು ರಂಗಮಂದಿರದ್ದು.

1972ರಲ್ಲಿ ಬ್ರಿಟಿಷ್ ರಾಕ್ ಬ್ಯಾಂಡು ಲೆಡ್ ಜೆಪ್ಲಿನ್‌ನ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಇಲ್ಲಿಗೆ ಬಂದಿದ್ದರು. ಶೋ ಕೊಡೋಕಲ್ಲ, ಇಲ್ಲಿನ ವಾದಕರ ಜೊತೆ ರೆಕಾರ್ಡಿಂಗ್ ಮಾಡಿ ನೋಡೋಕೆ. ಆ ರೆಕಾರ್ಡಿಂಗ್ ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ! ಅದೇ ಓಡಾಟದಲ್ಲಿ ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ಪುಟ್ಟ ಕ್ಲಬ್ಬಿನಲ್ಲಿ ಇಬ್ಬರೂ ನುಡಿಸಿ ಹಾಡಿಬಿಟ್ಟರು. ಆ ರಾತ್ರಿ ಕ್ಲಬ್ಬಿನಲ್ಲಿದ್ದವರೇ ಪುಣ್ಯವಂತರು.

1980ರ ಮಾರ್ಚ್‌ನಲ್ಲಿ ದ ಪೊಲೀಸ್ ಎಂಬ ಬ್ರಿಟಿಷ್ ಬ್ಯಾಂಡು ಬಂತು. ನುಡಿಸಿದ್ದು ಹೋಮಿ ಭಾಭಾ ಸಭಾಂಗಣದಲ್ಲಿ, ಅಂದರೆ ವಿಜ್ಞಾನ ಸಂಸ್ಥೆಯೊಂದರ ಆವರಣದಲ್ಲಿ. ನಡೆಸಿದವರು ಟೈಮ್ ಅಂಡ್ ಟ್ಯಾಲೆಂಟ್ಸ್ ಕ್ಲಬ್ಬಿನ ಮಹಿಳೆಯರು, ಸಹಾಯಾರ್ಥವಾಗಿ. ಹಿಂದಿನ ವರ್ಷವಷ್ಟೇ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿದ್ದ ಬ್ಯಾಂಡು ಅದು.

ಆದರೆ ರಾಕ್‌ಗೆ ಖಾಯಂ ಮನೆ ಸಿಕ್ಕಿದ್ದು ಧೋಬಿ ತಲಾವ್‌ನ ರಂಗಭವನದಲ್ಲಿ. ಮೇಲೆ ಸೂರಿಲ್ಲದ ರಂಗಮಂದಿರ. 1986ರಲ್ಲಿ ಫರ್ಹಾದ್ ವಾಡಿಯಾ ಇಂಡಿಪೆಂಡೆನ್ಸ್ ರಾಕ್ ಎಂಬ ಸಂಗೀತೋತ್ಸವ ಶುರು ಮಾಡಿದರು. ಎಲ್ಲರ ಬಾಯಲ್ಲಿ ಅದು ಬರೀ 'ಐ-ರಾಕ್'. ಆಗಸ್ಟ್ ತಿಂಗಳು, ಮುಂಬೈ ಮಳೆ, ತೆರೆದ ಆಕಾಶ. ಕಪ್ಪು ಟೀ ಶರ್ಟ್ ಮೈಗಂಟಿಕೊಂಡಿದ್ದರೂ ಜನ ಕದಲುತ್ತಿರಲಿಲ್ಲ. ಸ್ಟೇಜ್ ಕೈಗೆಟಕುವಷ್ಟು ಹತ್ತಿರ. ಬ್ರಿಟಿಷ್ ಬ್ಯಾಂಡು ಜೆಥ್ರೋ ಟಲ್ 1994ರಲ್ಲಿ ಇದೇ ರಂಗಭವನದಲ್ಲಿ ನುಡಿಸಿತು. ಐ-ರಾಕ್‌ನಲ್ಲಿ ಕಾಲೇಜು ಹುಡುಗರ ಬ್ಯಾಂಡುಗಳಿಗೂ ಅದೇ ಸ್ಟೇಜು ಸಿಗುತ್ತಿತ್ತು. ನನ್ನ ಲೆಕ್ಕದಲ್ಲಿ ರಂಗಭವನದ ನಿಜವಾದ ದೊಡ್ಡಸ್ತಿಕೆ ಇದೇ.

ಜಾಗದ ಗ್ರಹಚಾರ ಅಕ್ಕಪಕ್ಕದಲ್ಲೇ ಇತ್ತು. ಒಂದು ಕಡೆ ಸೇಂಟ್ ಜೇವಿಯರ್ಸ್ ಕಾಲೇಜು, ಹತ್ತಿರದಲ್ಲೇ ಕಾಮಾ ಮತ್ತು ಜಿ.ಟಿ. ಆಸ್ಪತ್ರೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50 ಡೆಸಿಬಲ್, ರಾತ್ರಿ 40. ಮಾಮೂಲಿ ಮಾತುಕತೆಯೇ 60ರ ಹತ್ತಿರ ಹೋಗುತ್ತದೆ, ಇನ್ನು ಡ್ರಮ್ಸ್ ಎಲ್ಲಿಂದ? 2003ರ ಹೊತ್ತಿಗೆ ರಂಗಭವನದ ಸದ್ದು ನಿಂತಿತು. ರೋಗಿಗಳ ಪಾಡು ನೆನೆದರೆ ನಿಯಮ ತಪ್ಪು ಅನ್ನೋಕೂ ಬಾಯಿ ಬರುವುದಿಲ್ಲ, ಅಲ್ವಾ?

ರಾತ್ರಿ 10ರ ಮೇಲೆ ಬಯಲಲ್ಲಿ ಮೈಕ್ ಕೂಡದು ಎಂಬ ಅದೇ ನಿಯಮದ ಗೆರೆಯ ಬಿಸಿ ಮುಂಬೈ ಕನ್ನಡಿಗರಿಗೂ ಗೊತ್ತು. ಬಯಲಲ್ಲಿ ಮೈಕ್ ಹಾಕಿ ಬೆಳಗಿನವರೆಗೆ ಯಕ್ಷಗಾನ ಆಡಿಸುವಂತಿಲ್ಲ. ಆದರೆ ನಿಯಮದಲ್ಲಿ ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ, ಕಾಲಮಿತಿ ಪ್ರಸಂಗ ಹಾಲ್‌ನೊಳಗೆ ಹೇಗೋ ನಡೆಯುತ್ತದೆ. ಭಾಗವತರ ಚೆಂಡೆಗೆ ಹಾಲ್ ಕೊಡುವವರು ಹೆವಿ ಮೆಟಲ್‌ಗೂ ಕೊಟ್ಟಾರೆಯೇ? ಅನುಮಾನ.

ಆಮೇಲೆ ರಾಕ್ ಊರಿನ ಉತ್ತರಕ್ಕೂ ಖಾಡಿಯಾಚೆಗೂ, ಅಂದರೆ ಕಡಲ ಹಿನ್ನೀರಿನಾಚೆಯ ನವಿಮುಂಬೈಗೂ ಸರಿಯಿತು. ಐ-ರಾಕ್ ಅಂಧೇರಿಯ ಚಿತ್ರಕೂಟ ಮೈದಾನಕ್ಕೆ ಹೋಯಿತು. ಹಿಂದೆ ಪಿಂಕ್ ಫ್ಲಾಯ್ಡ್ ಬ್ಯಾಂಡಿನಲ್ಲಿದ್ದ ರೋಜರ್ ವಾಟರ್ಸ್ 2007ರಲ್ಲಿ ನುಡಿಸಿದ್ದು ಬಾಂದ್ರಾ-ಕುರ್ಲಾದಲ್ಲಿ. ಯೂ2 2019ರಲ್ಲಿ, ಕೋಲ್ಡ್‌ಪ್ಲೇ 2025ರಲ್ಲಿ ನವಿಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ. ಈ ನಡುವೆ ಬೆಂಗಳೂರು ಮುಂದೆ ಹೋಗಿತ್ತು. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, ಎರಡೂ ಅಲ್ಲಿ ಮೊದಲು, ಇಲ್ಲಿ ಆಮೇಲೆ. ಊರಿಗೆ ಹೋಗೋಕೆ ನಮ್ಮವರಿಗೊಂದು ನೆಪ ಸಿಕ್ಕಿತು ಬಿಡಿ.

ಈಗ ಶೋಗಳಿಗೆ ಬರವಿಲ್ಲ, ಟಿಕೆಟ್‌ಗೆ ಬರ. ಇಲ್ಲದ್ದು ರಂಗಭವನದಂಥ ನಡುಗಾತ್ರದ ಬಯಲು ಜಾಗ. ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಅದರಲ್ಲಿ ಬಹುಪಾಲು ಗಣಪತಿಗೂ ನವರಾತ್ರಿಗೂ ಹೋಗುತ್ತದೆ. ಅದೂ ನಿಶ್ಶಬ್ದ ವಲಯಕ್ಕೆ ಅನ್ವಯಿಸುವುದಿಲ್ಲ.