ಎರಡು ವಾಕ್ಯಗಳ ನಡುವಿನ ಜಾಗ

2008ರಲ್ಲಿ ಟೆಸ್ಲಾ ಇನ್ನೂ ಚಿಕ್ಕ ಕಂಪನಿ. ಒಳಗಿನ ಮಾತು ಹೊರಗೆ ಹೋಗುತ್ತಿತ್ತು, ಯಾರಿಂದ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ. ಆಗ ನೌಕರರಿಗೆಲ್ಲ ಒಂದು ಇಮೇಲ್ ಹೋಯಿತು. ನೋಡಿದರೆ ಎಲ್ಲರಿಗೂ ಬಂದಿದ್ದು ಅದೇ ಇಮೇಲ್, ಅವೇ ಪದಗಳು. ಆದರೆ ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ಕಡೆ ಕೆಲವು ಪ್ರತಿಗಳಲ್ಲಿ ಒಂದು ಸ್ಪೇಸ್ ಇತ್ತು, ಕೆಲವದರಲ್ಲಿ ಎರಡು. ಯಾರ ಪ್ರತಿಯಲ್ಲಿ ಎಲ್ಲೆಲ್ಲಿ ಎರಡಿದೆ ಅನ್ನುವ ಪಟ್ಟಿ ಕಂಪನಿಯ ಹತ್ತಿರ ಇತ್ತು. ಆ ಇಮೇಲ್ ಹೊರಗೆ ಬಂದಾಗ ಸ್ಪೇಸ್ ನೋಡಿದರು, ಕಳಿಸಿದವರು ಸಿಕ್ಕಿಬಿದ್ದರು. ಇಲಾನ್ ಮಸ್ಕ್ 2022ರಲ್ಲಿ ತಾವೇ ಹೇಳಿಕೊಂಡ ಕತೆ ಇದು.

ಇದರ ಲೆಕ್ಕ ಬಹಳ ಸುಲಭ. ಒಂದು ಜಾಗದಲ್ಲಿ ಎರಡು ಸಾಧ್ಯತೆ. ಎರಡು ಜಾಗ ಇದ್ದರೆ ನಾಲ್ಕು. ಹತ್ತು ಜಾಗ ಇದ್ದರೆ 1,024. ಅಂದರೆ ಹನ್ನೊಂದೇ ವಾಕ್ಯದ ಒಂದು ಪತ್ರದಿಂದ ಸಾವಿರ ಜನರಿಗೆ ಸಾವಿರ ಬೇರೆ ಬೇರೆ ಪ್ರತಿ ಕೊಡಬಹುದು. ಹದಿನೇಳು ಜಾಗ ಸಿಕ್ಕರೆ 1,31,072. ಲಕ್ಷ ಜನರ ಕಂಪನಿಗೂ ಸಾಕಾಗಿ ಮಿಗುತ್ತದೆ.

ದಾವಣಗೆರೆಯಲ್ಲಿ ಕೂತು ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂತೀರಾ? ವಿದ್ಯಾನಗರ, ಪಿ.ಜೆ. ಬಡಾವಣೆಯ ಎಷ್ಟೋ ಮನೆಗಳಲ್ಲಿ ಈಗ ಒಂದು ಕಂಪನಿ ಲ್ಯಾಪ್‌ಟಾಪ್ ಇದೆ. ಬಿಐಇಟಿ, ಯುಬಿಡಿಟಿಯಲ್ಲಿ ಓದಿ ಬೆಂಗಳೂರಿಗೆ ಹೋದ ಮಕ್ಕಳು ಹಬ್ಬಕ್ಕೆ ಬಂದಾಗ ಇಲ್ಲಿಂದಲೇ ಕೆಲಸ ಮಾಡುತ್ತಾರೆ. ಲ್ಯಾಪ್‌ಟಾಪ್ ಊಟದ ಟೇಬಲ್ ಮೇಲೆ, ಪಕ್ಕದಲ್ಲಿ ಮಂಡಕ್ಕಿ. ಪರದೆಯ ಫೋಟೋ ತೆಗೆದು ಗೆಳೆಯರ ಗುಂಪಿಗೆ ಹಾಕುವುದು ಅವರಿಗೆ ಅರ್ಧ ನಿಮಿಷದ ಕೆಲಸ. "ಯಾರಿಗೆ ಗೊತ್ತಾಗತ್ತೆ ಬಿಡಿ" ಅನ್ನುತ್ತಾರೆ. ಗೊತ್ತಾಗುವ ದಾರಿಗಳು ಎಷ್ಟಿವೆ ಅಂತ ಅವರಿಗೇ ಗೊತ್ತಿಲ್ಲ.

ಸ್ಪೇಸ್ ಬದಲು ಬೇರೆ ಏನನ್ನಾದರೂ ಬಳಸಬಹುದು. ಹಾಡುಗಳ ಸಾಹಿತ್ಯ ಹಾಕುವ ಜೀನಿಯಸ್ ಎಂಬ ಕಂಪನಿ, ಇಂಗ್ಲಿಷ್ ಪದಗಳ ತಲೆಯ ಮೇಲೆ ಬರುವ ಅಪಾಸ್ಟ್ರಫಿ ಚಿಹ್ನೆಯನ್ನು ಕೆಲವು ಕಡೆ ನೇರವಾಗಿ, ಕೆಲವು ಕಡೆ ಬಾಗಿಸಿ ಬರೆಯಿತು. ಒಂದನ್ನು ಚುಕ್ಕೆ, ಇನ್ನೊಂದನ್ನು ಗೆರೆ ಅಂದುಕೊಂಡು ಸಾಲಾಗಿ ಓದಿದರೆ ಮೋರ್ಸ್ ಲಿಪಿಯಲ್ಲಿ "ರೆಡ್ ಹ್ಯಾಂಡೆಡ್" ಅಂತ ಬರುತ್ತಿತ್ತು. ಅದೇ ಗುರುತು ಗೂಗಲ್ ಹುಡುಕಾಟದಲ್ಲಿ ಕಂಡ ಸಾಹಿತ್ಯದಲ್ಲೂ ಸಿಕ್ಕಿತು. 2019ರಲ್ಲಿ ಕೇಸು ಹಾಕಿದರು. ಸೋತರು! ಹಾಡಿನ ಹಕ್ಕು ಬರೆದವರದ್ದು, ಜೀನಿಯಸ್‌ನದ್ದಲ್ಲ ಅನ್ನುವುದು ಅಡ್ಡ ಬಂತು. ಕಳ್ಳತನ ತೋರಿಸುವುದು ಬೇರೆ, ಕೋರ್ಟಿನಲ್ಲಿ ಗೆಲ್ಲುವುದು ಬೇರೆ.

ಜಾಣರು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ. ಇಬ್ಬರು ಸೇರಿ ತಮ್ಮ ತಮ್ಮ ಪ್ರತಿ ಪಕ್ಕಪಕ್ಕ ಇಟ್ಟು ನೋಡಿದರೆ? ವ್ಯತ್ಯಾಸ ಕಂಡ ಕಡೆ ಕಲಸಿಬಿಟ್ಟರೆ ಆಯಿತಲ್ಲ? ಗಣಿತದ ನಿಜವಾದ ಸೊಗಸು ಇರುವುದು ಇಲ್ಲೇ. ಇಬ್ಬರಿಗೂ ಕಾಣುವುದು ತಮ್ಮ ಪ್ರತಿಗಳು ಬೇರೆಯಾಗಿರುವ ಜಾಗಗಳು ಮಾತ್ರ. ಎರಡರಲ್ಲೂ ಒಂದೇ ಥರ ಇರುವ ಕಡೆ ಗುರುತು ಇದೆ ಅನ್ನುವ ಸುಳಿವೂ ಅವರಿಗೆ ಸಿಗುವುದಿಲ್ಲ. ಗುರುತುಗಳನ್ನು ನಾಣ್ಯ ಚಿಮ್ಮಿದ ಹಾಗೆ ಹಂಚಿದ್ದರೆ ಸುಮಾರು ಅರ್ಧ ಜಾಗಗಳಲ್ಲಿ ಇಬ್ಬರದ್ದೂ ಒಂದೇ ಆಗಿರುತ್ತದೆ. ಆ ಅರ್ಧ ಹಾಗೇ ಉಳಿದು ಹೊರಗೆ ಹೋಗುತ್ತದೆ. ಉಳಿದ ಅರ್ಧವನ್ನು ಹೇಗೇ ಕಲಸಿದರೂ, ಸೋರಿದ ಪ್ರತಿ ಈ ಇಬ್ಬರಿಗೆ ಹತ್ತಿರವಾಗಿಯೂ ಮಿಕ್ಕವರಿಂದ ದೂರವಾಗಿಯೂ ಇರುತ್ತದೆ. ಗುರುತು ಸಾಕಷ್ಟು ಉದ್ದವಿದ್ದರೆ ಇಬ್ಬರಲ್ಲಿ ಒಬ್ಬರಾದರೂ ಸಿಗುತ್ತಾರೆ. ಕಂಪ್ಯೂಟರ್ ವಿಜ್ಞಾನಿಗಳಾದ ಡಾನ್ ಬೋನೆ ಮತ್ತು ಜೇಮ್ಸ್ ಶಾ 1995ರಲ್ಲಿ ಇದಕ್ಕೊಂದು ಪದ್ಧತಿ ಕೊಟ್ಟರು. ಹಂಗೇರಿಯ ಗಣಿತಜ್ಞ ಗಾಬೋರ್ ತಾರ್ದೋಶ್ 2003ರಲ್ಲಿ ಅದಕ್ಕೆ ಬೇಕಾದ ಗುರುತಿನ ಉದ್ದವನ್ನು ಬಹಳ ಚಿಕ್ಕದು ಮಾಡಿದರು. ಅವರ ಲೆಕ್ಕದ ಪ್ರಕಾರ, ಕೂಡಿಕೊಳ್ಳುವವರು ಇಬ್ಬರಿಂದ ನಾಲ್ವರಾದರೆ ಗುರುತಿನ ಉದ್ದ ನಾಲ್ಕು ಪಟ್ಟು ಆಗಬೇಕು. ಜನ ಜಾಸ್ತಿಯಾದ ಹಾಗೆ ಹಿಡಿಯುವುದು ಕಷ್ಟ, ಆದರೆ ಅಸಾಧ್ಯವಲ್ಲ.

ಪತ್ರವನ್ನು ಪೂರ್ತಿ ತನ್ನ ಮಾತಿನಲ್ಲಿ ತಿರುಗಿ ಬರೆದರೆ ಸ್ಪೇಸು, ಚುಕ್ಕಿ ಎಲ್ಲ ಮಾಯ, ನಿಜ. ಅದಕ್ಕೇ ಕಂಪನಿಗಳು ಕೆಲವೊಮ್ಮೆ ವಿಷಯವನ್ನೇ ಬದಲಿಸುತ್ತವೆ. ಒಂದು ತಂಡಕ್ಕೆ ಬಿಡುಗಡೆ 12ನೇ ತಾರೀಖು ಅಂತ, ಇನ್ನೊಂದು ತಂಡಕ್ಕೆ 14 ಅಂತ. ಪೇಪರಿನಲ್ಲಿ 14 ಅಂತ ಬಂದರೆ ಯಾವ ಕಡೆ ತಿರುಗಿ ನೋಡಬೇಕು ಅಂತ ಗೊತ್ತಾಯಿತು.

ಕಾಗದದಲ್ಲೂ ಇದೇ ಕತೆ. ಹದಡಿ ರಸ್ತೆಯ ಯಾವುದಾದರೂ ಝೆರಾಕ್ಸ್ ಅಂಗಡಿಗೆ ಹೋಗಿ ಕಲರ್ ಲೇಸರ್ ಪ್ರಿಂಟ್ ತೆಗೆಸಿ. ಕಪ್ಪು-ಬಿಳುಪಲ್ಲ, ಕಲರ್. ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಖಾಲಿ ಬಿಳಿ ಜಾಗದ ಮೇಲೆ ನೀಲಿ ಎಲ್‌ಇಡಿ ಬೆಳಕು ಬಿಡಿ, ಭೂತಗನ್ನಡಿ ಹಿಡಿಯಿರಿ. ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ. ಇದ್ದರೆ, ಸಣ್ಣ ಸಣ್ಣ ಕಪ್ಪು ಚುಕ್ಕಿಗಳು ಒಂದು ಕ್ರಮದಲ್ಲಿ ಕಾಣುತ್ತವೆ, ಅದೇ ಕ್ರಮ ಪುಟದ ತುಂಬ ಮತ್ತೆ ಮತ್ತೆ ಬರುತ್ತದೆ. ಅವು ನಿಜವಾಗಿ ಹಳದಿ ಚುಕ್ಕಿಗಳು. ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಬಿಳಿ ಕಾಗದದ ಮೇಲೆ ಹಳದಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನೀಲಿ ಬೆಳಕನ್ನು ಹಳದಿ ಬಣ್ಣ ಹೀರಿಕೊಳ್ಳುವುದರಿಂದ ಆಗ ಕಪ್ಪಾಗಿ ಎದ್ದು ಕಾಣುತ್ತದೆ. ಖೋಟಾ ನೋಟು ಹಿಡಿಯಲೆಂದು ಬಂದ ಏರ್ಪಾಡು ಇದು. 2005ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಒಂದು ಝೆರಾಕ್ಸ್ ಪ್ರಿಂಟರಿನ ಚುಕ್ಕಿಗಳನ್ನು ಬಿಡಿಸಿ ಓದಿತು. ಪ್ರಿಂಟ್ ಆದ ದಿನ, ಗಂಟೆ, ನಿಮಿಷ, ಯಂತ್ರದ ಸೀರಿಯಲ್ ನಂಬರ್, ಎಲ್ಲ ಅದರಲ್ಲಿತ್ತು.

2017ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ಒಂದು ರಹಸ್ಯ ವರದಿ ಪತ್ರಕರ್ತರಿಗೆ ಸಿಕ್ಕಿತು. ಅವರು ಪ್ರಕಟಿಸಿದ ಸ್ಕ್ಯಾನ್ ಪ್ರತಿಯಲ್ಲಿ ಈ ಚುಕ್ಕಿಗಳು ಹಾಗೇ ಇದ್ದವು. ಹೊರಗಿನ ತಜ್ಞರು ಓದಿ ಹೇಳಿದರು: ಮೇ 9, ಬೆಳಗ್ಗೆ 6:20. ಆದರೆ ಪೊಲೀಸರ ದಾಖಲೆ ನೋಡಿದರೆ ಹಿಡಿದದ್ದು ಇನ್ನೂ ಸಾದಾ ದಾರಿಯಲ್ಲಿ. ಕಾಗದದ ಮೇಲೆ ಮಡಿಕೆ ಇತ್ತು, ಅಂದರೆ ಪ್ರಿಂಟ್ ತೆಗೆದು ಒಯ್ದಿದ್ದಾರೆ. ಆ ವರದಿಯನ್ನು ಪ್ರಿಂಟ್ ಮಾಡಿದವರು ಆರು ಜನ. ಅವರಲ್ಲಿ ಒಬ್ಬರು ಆಫೀಸಿನ ಕಂಪ್ಯೂಟರಿನಿಂದಲೇ ಆ ಸುದ್ದಿ ಸಂಸ್ಥೆಗೆ ಇಮೇಲ್ ಮಾಡಿದ್ದರು. ರಿಯಾಲಿಟಿ ವಿನ್ನರ್ ಎಂಬ ಆ ಗುತ್ತಿಗೆ ನೌಕರೆಗೆ 63 ತಿಂಗಳ ಶಿಕ್ಷೆ ಆಯಿತು. ಚುಕ್ಕಿಗಳ ಕತೆ ರೋಚಕ, ಆದರೆ ಹಿಡಿದುಕೊಟ್ಟದ್ದು ಯಾರು ಯಾವಾಗ ಯಾವ ಫೈಲು ತೆರೆದರು ಅನ್ನುವ ಬೇಸರದ ಪಟ್ಟಿ. ಇಂಥ ಪಟ್ಟಿಗೆ ಲಾಗ್ ಅನ್ನುತ್ತಾರೆ. ಕಂಪನಿ ಲ್ಯಾಪ್‌ಟಾಪಿನಲ್ಲಿ ಅದು ಸದಾ ಬರೆದುಕೊಳ್ಳುತ್ತಲೇ ಇರುತ್ತದೆ. ಸುಮ್ನೆ ಒಂದು ಪೆನ್‌ಡ್ರೈವ್ ಚುಚ್ಚಿದರೂ ವಿಂಡೋಸ್ ಅದರ ಸೀರಿಯಲ್ ನಂಬರನ್ನೂ ಮೊದಲು ಚುಚ್ಚಿದ ಸಮಯವನ್ನೂ ಗುರುತು ಹಾಕಿಕೊಳ್ಳುತ್ತದೆ.

ಇದಕ್ಕಿಂತ ಚಾಲಾಕಿ ತೋರಿಸಿದವರೂ ಇದ್ದಾರೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಒಬ್ಬ ಇಂಜಿನಿಯರ್ ಟರ್ಬೈನಿನ ಫೈಲುಗಳನ್ನು ಸೂರ್ಯಾಸ್ತದ ಒಂದು ಫೋಟೋದ ಒಳಗೆ ಅಡಗಿಸಿ ತನ್ನ ಇಮೇಲಿಗೆ ಕಳಿಸಿಕೊಂಡ. ಫೋಟೋದಲ್ಲಿ ಹೇಗೆ ಅಡಗಿಸುತ್ತಾರೆ? ಹಲವು ದಾರಿಗಳಿವೆ, ಪಠ್ಯಪುಸ್ತಕದ ದಾರಿ ಇದು. ಒಂದು ಬಿಂದುವಿಗೆ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ, ಒಂದೊಂದೂ 0ಯಿಂದ 255ರ ಒಳಗೆ. ಕೆಂಪು 200 ಇದ್ದದ್ದು 201 ಆದರೆ ಯಾವ ಕಣ್ಣಿಗೂ ಗೊತ್ತಾಗುವುದಿಲ್ಲ. ಸಮ ಸಂಖ್ಯೆ ಅಂದರೆ ಸೊನ್ನೆ, ಬೆಸ ಅಂದರೆ ಒಂದು ಅಂತ ಇಟ್ಟುಕೊಂಡರೆ ಒಂದು ಬಿಂದುವಿನಲ್ಲಿ ಮೂರು ಬಿಟ್ ಕೂರುತ್ತದೆ. 12 ಮೆಗಾಪಿಕ್ಸೆಲ್ ಫೋಟೋದಲ್ಲಿ 3.6 ಕೋಟಿ ಬಿಟ್, ಎಂಟು ಬಿಟ್‌ಗೆ ಒಂದು ಬೈಟ್ ಅಂದರೆ 4.5 ಎಂಬಿ. ಒಂದಿಡೀ ವಿನ್ಯಾಸದ ಕಡತ ಆರಾಮಾಗಿ ಹಿಡಿಸುತ್ತದೆ. ಈತನ ಮೇಲೆ ಅನುಮಾನ ಬಂದದ್ದು ಫೋಟೋದಿಂದ ಅಲ್ಲ. ಅವನ ಕಂಪ್ಯೂಟರಿನಲ್ಲಿ ಕಂಪನಿ ಬಳಸದ ಸಾಫ್ಟ್‌ವೇರಿನಿಂದ ಬೀಗ ಹಾಕಿದ ಫೈಲುಗಳು ಕಂಡವು. ಆಮೇಲೆ ಕಣ್ಣಿಟ್ಟು ಕಾದರು. 2018ರಲ್ಲಿ ಬಂಧನ, 2023ರಲ್ಲಿ ಎರಡು ವರ್ಷ ಜೈಲು.

ಎಲ್ಲಕ್ಕಿಂತ ದೊಡ್ಡ ಗಲಾಟೆ ಆಗಿದ್ದು ಗೂಗಲ್‌ನ ಚಾಲಕರಹಿತ ಕಾರಿನ ವಿಷಯದಲ್ಲಿ. ಇಂಜಿನಿಯರ್ ಆಂಟನಿ ಲೆವಾಂಡೊವ್ಸ್ಕಿ 2015ರ ಡಿಸೆಂಬರಿನಲ್ಲಿ 14,000 ಫೈಲು, 9.7 ಜಿಬಿ ಇಳಿಸಿಕೊಂಡರು ಅನ್ನುವುದು ಆರೋಪ. ಮುಂದಿನ ತಿಂಗಳೇ ಕೆಲಸ ಬಿಟ್ಟು ಸ್ವಂತ ಕಂಪನಿ ಮಾಡಿದರು. ಅದನ್ನು 2016ರಲ್ಲಿ ಉಬರ್ ಕೊಂಡಿತು. ಗುಟ್ಟು ಒಡೆದದ್ದು ಹೇಗೆ ಗೊತ್ತಾ? ಲೇಸರ್‌ನಿಂದ ದೂರ ಅಳೆಯುವ ಲೈಡಾರ್ ಉಪಕರಣದ ಬಿಡಿಭಾಗ ಮಾಡುವವರು ಒಂದು ಇಮೇಲನ್ನು ಕೈತಪ್ಪಿ ಗೂಗಲ್ ಬಳಗದ ವೇಮೋಗೂ ಕಳಿಸಿಬಿಟ್ಟರು. ಅದರಲ್ಲಿ ಉಬರ್‌ನ ಸರ್ಕ್ಯೂಟ್ ಬೋರ್ಡಿನ ಚಿತ್ರ ಇತ್ತು. ಅದು ತಮ್ಮದೇ ಬೋರ್ಡಿನ ಹಾಗಿದೆ ಅಂದಿತು ವೇಮೋ. ಕೇಸು ಬಿತ್ತು. 2018ರಲ್ಲಿ ಉಬರ್ ಸುಮಾರು 24.5 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ರಾಜಿ ಮಾಡಿಕೊಂಡಿತು. ಲೆವಾಂಡೊವ್ಸ್ಕಿ ಮೇಲೆ 33 ಆರೋಪ, ಕೊನೆಗೆ ಒಪ್ಪಿಕೊಂಡಿದ್ದು ಒಂದನ್ನು. 2020ರಲ್ಲಿ 18 ತಿಂಗಳ ಶಿಕ್ಷೆ. 2021ರ ಜನವರಿಯಲ್ಲಿ, ಜೈಲಿಗೆ ಹೋಗುವ ಮೊದಲೇ, ಅಧ್ಯಕ್ಷ ಟ್ರಂಪ್ ಅವರಿಂದ ಕ್ಷಮೆ. ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ ಅಲ್ವಾ?

ದುಡ್ಡಿನಾಸೆ, ಸಿಟ್ಟು ಯಾವುದೂ ಇಲ್ಲದೆಯೂ ಗುಟ್ಟು ಹೋಗುತ್ತದೆ. 2023ರಲ್ಲಿ ಸ್ಯಾಮ್‌ಸಂಗ್ ಇಂಜಿನಿಯರುಗಳು ತಮ್ಮ ಕೋಡಿನ ತಪ್ಪು ಹುಡುಕಿಕೊಡು ಅಂತ ಅದನ್ನು ಚಾಟ್‌ಜಿಪಿಟಿಗೆ ಹಾಕಿದರು. ಕೆಲಸ ಬೇಗ ಆಗಲಿ ಅಂತ ಮಾಡಿದ್ದು, ಅಷ್ಟೇ. ಆದರೆ ಕೋಡು ಕಂಪನಿಯ ಬಾಗಿಲು ದಾಟಿ ಬೇರೆಯವರ ಸರ್ವರಿಗೆ ಹೋಯಿತು. ಅದೇ ವರ್ಷ ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ ಇಂಥ ಸಾಧನಗಳನ್ನೇ ನಿಷೇಧಿಸಿತು. ನನಗೆ ಕೇಳಿದರೆ, ನಮ್ಮೂರ ಮಕ್ಕಳು ಎಡವುವುದಾದರೆ ಇಲ್ಲೇ ಎಡವುವುದು.

ಹೊರಗೆ ಹೇಳಿದ್ದೆಲ್ಲ ಕಳ್ಳತನವೂ ಅಲ್ಲ. ಫೇಸ್‌ಬುಕ್‌ನಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗೆನ್ 2021ರಲ್ಲಿ ಆ ಕಂಪನಿಯ ಒಳಗಿನ ಸಾವಿರಾರು ಪುಟಗಳನ್ನು ಹೊರಗೆ ತಂದರು. ತಮ್ಮ ಇನ್‌ಸ್ಟಾಗ್ರಾಮ್ ಆ್ಯಪ್ ಹದಿಹರೆಯದ ಹುಡುಗಿಯರ ಮನಸ್ಸಿಗೆ ಏನು ಮಾಡುತ್ತಿದೆ ಅಂತ ಕಂಪನಿಗೇ ಗೊತ್ತಿತ್ತು ಅನ್ನುವುದು ಅದರಲ್ಲಿತ್ತು. ಅವರು ಪತ್ರಿಕೆಯ ಜೊತೆಗೆ ಷೇರುಪೇಟೆಯ ಸರ್ಕಾರಿ ನಿಯಂತ್ರಕರ ಬಳಿಯೂ ಹೋದರು. ಆಮೇಲೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಹೇಳಿದರು. ಕಾನೂನು ಮುರಿದದ್ದನ್ನು ಸರ್ಕಾರಕ್ಕೆ ಗುಟ್ಟಾಗಿ ತಿಳಿಸಿದರೆ ವ್ಯಾಪಾರ ರಹಸ್ಯದ ಕೇಸಿನಿಂದ ರಕ್ಷಣೆ ಇದೆ ಅಂತ ಅಮೆರಿಕದ 2016ರ ಕಾನೂನು ಹೇಳುತ್ತದೆ.

ನಮ್ಮಲ್ಲಿ ವ್ಯಾಪಾರ ರಹಸ್ಯಕ್ಕೇ ಅಂತ ಪ್ರತ್ಯೇಕ ಕಾನೂನು ಇಲ್ಲ. ಒಂದು ಬೇಕು ಅಂತ ಕಾನೂನು ಆಯೋಗ 2024ರ ಮಾರ್ಚಿನಲ್ಲಿ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿತು. ಹಾಗಂತ ಕೇಳುವವರೇ ಇಲ್ಲ ಅಂತಲ್ಲ. ಸಹಿ ಹಾಕಿದ ಒಪ್ಪಂದ ಇದೆ. ಅನುಮತಿ ಇಲ್ಲದೆ, ಮೋಸದ ಉದ್ದೇಶದಿಂದ ಡೇಟಾ ಇಳಿಸಿಕೊಂಡರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಇವೆ: ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಹಾಗಾದರೆ ಕೆಲಸ ಬಿಡುವಾಗ ಏನು ತೆಗೆದುಕೊಂಡು ಹೋಗಬಹುದು? ಬೆಣ್ಣೆ ದೋಸೆ ಹೋಟೆಲಿನ ಭಟ್ಟರು ಎದುರಿನ ಹೋಟೆಲಿಗೆ ಸೇರಿದರೆ ಅವರ ಕೈ ಅವರ ಜೊತೆಗೇ ಹೋಗುತ್ತದೆ. ಕಾವಲಿ ಎಷ್ಟು ಕಾಯಬೇಕು, ಬೆಣ್ಣೆ ಯಾವಾಗ ಬೀಳಬೇಕು ಅನ್ನುವುದನ್ನು ಮರೆತು ಹೋಗಿ ಅಂತ ಯಾವ ಮಾಲೀಕರೂ ಹೇಳುವ ಹಾಗಿಲ್ಲ. ಹಿಟ್ಟಿನ ಅಳತೆ ಬರೆದ ಮಾಲೀಕರ ಪುಸ್ತಕ ಎತ್ತಿಕೊಂಡು ಹೋದರೆ ಮಾತು ಬೇರೆ. ಇಂಜಿನಿಯರಿಗೂ ಹೀಗೇ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಬಿಟ್ಟ ಮೇಲೆ ಎದುರಾಳಿ ಕಂಪನಿಗೆ ಸೇರಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕಲಿತ ಕೆಲಸ ನಿಮ್ಮದು.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅದು ನಾನೇ ಬರೆದ ಕೋಡು, ನಂದಲ್ವಾ?" ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ನೋಡಿ. ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕರು ಕಂಪನಿಯವರೇ. ಕೊನೇ ವಾರದಲ್ಲಿ "ನೆನಪಿಗೆ ಇರಲಿ" ಅಂತ ಅದನ್ನು ಸ್ವಂತ ಇಮೇಲಿಗೆ ಕಳಿಸಿಕೊಳ್ಳಬೇಡಿ. ರಾಜೀನಾಮೆ ಕೊಟ್ಟವರ ಕೊನೆಯ ತಿಂಗಳ ಲಾಗನ್ನೇ ಭದ್ರತಾ ತಂಡದವರು ಮೊದಲು ತೆಗೆದು ನೋಡುವುದು.