ಪವರ್ ಫೀಡ್ ನಿಂತಾಗ ಮೊದಲು ಟೇಬಲನ್ನು ಕೈಯಲ್ಲಿ ತಿರುಗಿಸಿ

ಬೆಂಗಳೂರಿನ ಪೀಣ್ಯ, ಅಬ್ಬಿಗೆರೆ ಕಡೆಯ ಸಣ್ಣ ಶಾಪ್‌ಗಳಲ್ಲಿ ಮಿಲ್ಲಿಂಗ್ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಎಂ1ಟಿಆರ್ ಎಂಬ ಮಿಲ್ಲಿಂಗ್ ಮೆಷಿನ್‌ನಲ್ಲಿ ಟೇಬಲ್‌ನ ಬಲತುದಿಗೆ ಹೊರಗಿನಿಂದ ಕೂರಿಸಿರುತ್ತಾರಲ್ಲ, ಟೇಬಲನ್ನು ಮೋಟರ್‌ನಿಂದ ತಾನಾಗಿ ಓಡಿಸುವ ಆ ಪವರ್ ಫೀಡ್ ಯೂನಿಟ್ ಬಗ್ಗೆ ಮಾತ್ರ ಬರೆದಿದ್ದೇನೆ. ಹಳೆಯ ಎಚ್‌ಎಂಟಿ, ಬಿಎಫ್‌ಡಬ್ಲ್ಯು ಮಿಲ್ಲಿಂಗ್ ಮೆಷಿನ್‌ಗಳಲ್ಲಿ ಫೀಡ್ ಗೇರ್‌ಬಾಕ್ಸ್ ಮೆಷಿನ್‌ನ ಒಳಗೇ ಇರುತ್ತದೆ. ಅದನ್ನು ಬಿಚ್ಚುವ ಕ್ರಮವೇ ಬೇರೆ.

ಕಳೆದ ವರ್ಷ ನಮ್ಮ ಶಾಪ್‌ನಲ್ಲಿ ಫೀಡ್ ಸರಿಯಾಗಿ ಓಡುತ್ತಿತ್ತು, ಎಡತುದಿ ಹತ್ತಿರ ಬಂದಾಗ ಮಾತ್ರ ನಿಂತುಬಿಡುತ್ತಿತ್ತು. ಮೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಬದಲಿಸಿದೆವು. ಮತ್ತೆ ನಿಂತಿತು. ಬೋರ್ಡ್ ಬದಲಿಸಿದೆವು. ಮತ್ತೂ ನಿಂತಿತು. ಕೊನೆಗೆ ಹಿರಿಯ ಫಿಟ್ಟರ್ ಅಣ್ಣ ಬಂದರು. ಕ್ಲಚ್ ಬಿಡಿಸಿ, ಹ್ಯಾಂಡಲ್ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿದರು. "ಇಲ್ಲಿ ನೋಡೋ, ನಿನ್ನ ಕೈಗೇ ಬಿಗಿ ಆಗ್ತಿದೆ. ಪಾಪ ಮೋಟರ್ ಏನು ಮಾಡುತ್ತೆ?" ಅಂದರು.

ಕಾರಣ ಇದು. ಹೆಚ್ಚು ಕೆಲಸ ಟೇಬಲ್‌ನ ನಡುಭಾಗದಲ್ಲೇ ನಡೆಯುತ್ತದೆ. ಹಾಗಾಗಿ ವೇ (ಟೇಬಲ್ ಜಾರುವ ಮುಖ), ಟೇಬಲ್ ಓಡಿಸುವ ಸ್ಕ್ರೂ ಎರಡೂ ನಡುಭಾಗದಲ್ಲೇ ಜಾಸ್ತಿ ಸವೆಯುತ್ತವೆ. ನಡುವೆ ಟೇಬಲ್ ಆಡುತ್ತಿದೆ ಎಂದು ಯಾರೋ ಅಲ್ಲೇ ನಿಲ್ಲಿಸಿ ಟೇಬಲ್‌ನ ಸಡಿಲ ಹೊಂದಿಸುವ ಪಟ್ಟಿಯಾದ ಗಿಬ್ ಬಿಗಿ ಮಾಡಿದ್ದರು. ತುದಿಗಳಲ್ಲಿ ಸವೆತ ಕಡಿಮೆ, ಅಲ್ವಾ? ಅಲ್ಲಿಗೆ ಹೋದ ಕೂಡಲೇ ಟೇಬಲ್ ಹಿಡಿದುಕೊಳ್ಳುತ್ತಿತ್ತು. ಗಿಬ್ಬನ್ನು ಬಿಗಿಯಾದ ಜಾಗದಲ್ಲಿ ನಿಲ್ಲಿಸಿ ಹೊಂದಿಸಬೇಕು. ನಡುವೆ ಸ್ವಲ್ಪ ಪ್ಲೇ ಉಳಿಯುತ್ತದೆ. ಅದು ಪೂರ್ತಿ ಹೋಗಬೇಕೆಂದರೆ ವೇ ಸ್ಕ್ರೇಪ್ ಮಾಡಿಸಬೇಕು, ಅಂದರೆ ಕೆರೆದು ಸಮ ಮಾಡಿಸಬೇಕು. ಫೀಡ್ ಯೂನಿಟ್ ಬದಲಿಸಿದರೆ ಹೋಗುವುದಿಲ್ಲ.

ಅಂದಿನಿಂದ ನಾನು ಇದೇ ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಪ್ಲಗ್ ಕಿತ್ತು, ಟೇಬಲ್ ಲಾಕ್ ಪೂರ್ತಿ ಬಿಟ್ಟಿದೆಯಾ ನೋಡಿ, ಕೈಯಲ್ಲಿ ತಿರುಗಿಸುವುದು. ಪೂರ್ತಿ ಓಟದಲ್ಲಿ ಒಂದೇ ಹದ ಸಿಗಬೇಕು. ಸಿಕ್ಕಿದರೆ ಟೇಬಲ್ ಸರಿ ಇದೆ. ಆಮೇಲೆ ಯೂನಿಟ್ಟನ್ನು ಸ್ಕ್ರೂನಿಂದ ಬೇರೆ ಮಾಡಿ ವೈಸ್‌ನಲ್ಲಿ ಹಿಡಿದು, ಲೋಡ್ ಇಲ್ಲದೆ ಓಡಿಸಿ ನೋಡುವುದು. ಗೇರ್ ಹತ್ತಿರ ಕೈ, ಬಟ್ಟೆ ಹೋಗದಂತೆ ನೋಡಿಕೊಳ್ಳಿ. ತಪ್ಪು ಟೇಬಲ್‌ನಲ್ಲೋ ಯೂನಿಟ್‌ನಲ್ಲೋ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಯೂನಿಟ್ ಒಳಗೆ ಭಾಗಗಳು ಕಡಿಮೆಯೇ. ಒಂದು ಬ್ರಷ್ ಮೋಟರ್, ವೇಗ ಹೊಂದಿಸುವ ಬೋರ್ಡ್, ನಡುವೆ ಗೇರ್‌ಗಳು, ಸ್ಕ್ರೂ ಮೇಲೆ ಕೀ (ಗೇರ್ ಜಾರದಂತೆ ಹಿಡಿಯುವ ಚಿಕ್ಕ ತುಂಡು) ಹಾಕಿ ಕೂರಿಸಿದ ಬೆವೆಲ್ ಗೇರ್, ಎಡ-ಬಲಕ್ಕೆ ತಳ್ಳುವ ಲಿವರ್, ಟೇಬಲನ್ನು ಜೋರಾಗಿ ಓಡಿಸುವ ರ‍್ಯಾಪಿಡ್ ಬಟನ್. ಟೇಬಲ್ ಮುಂದೆ, ಓಟದ ಕೊನೆಯಲ್ಲಿ ಫೀಡ್ ನಿಲ್ಲಿಸುವ ಲಿಮಿಟ್ ಸ್ವಿಚ್. ಒಂದೊಂದರ ಕೆಲಸ ತಿಳಿದಿದ್ದರೆ ಲಕ್ಷಣವೇ ದಾರಿ ತೋರಿಸುತ್ತದೆ.

ಬಲಕ್ಕೆ ಓಡುತ್ತದೆ, ಎಡಕ್ಕೆ ಓಡುವುದಿಲ್ಲ ಎಂದುಕೊಳ್ಳಿ. ಮೋಟರ್ ಒಂದು ಕಡೆ ಚೆನ್ನಾಗಿ ತಿರುಗುತ್ತಿದೆಯಲ್ಲ, ಹಾಗಾದರೆ ಮೋಟರ್, ಬ್ರಷ್ ಬಹುತೇಕ ಸರಿ ಇವೆ. ಎಡಗಡೆಯ ಲಿಮಿಟ್ ಸ್ವಿಚ್, ಲಿವರ್ ಕೆಳಗಿನ ಮೈಕ್ರೋಸ್ವಿಚ್ ನೋಡಿ. ಕೂಲೆಂಟ್ ಒಳಗೆ ಇಳಿದಿರುತ್ತದೆ, ಇಲ್ಲವೇ ಚಿಪ್ಸ್ ಸಿಕ್ಕಿ ಒತ್ತಿದ ಹಾಗೇ ನಿಂತಿರುತ್ತದೆ. ಸಪ್ಲೈ ತೆಗೆದು ಮಲ್ಟಿಮೀಟರ್‌ನಲ್ಲಿ ಕಂಟಿನ್ಯುಟಿ ಹಿಡಿದರೆ ಎರಡು ನಿಮಿಷದ ಕೆಲಸ. ರ‍್ಯಾಪಿಡ್ ಮಾತ್ರ ಓಡುತ್ತದೆ, ನಿಧಾನದ ಫೀಡ್ ಇಲ್ಲ ಎಂದರೆ ವೇಗದ ನಾಬ್ ಹಿಂದಿನ ಪೊಟೆನ್ಶಿಯೊಮೀಟರ್ ಮೇಲೆ ಅನುಮಾನ. ನಾಬ್ ತಿರುಗಿಸುವಾಗ ವೇಗ ಎಗರಿದರೂ ಅದೇ. ಮೋಟರ್ ಸದ್ದು ಬರುತ್ತದೆ, ಟೇಬಲ್ ಅಲ್ಲಾಡುವುದಿಲ್ಲ ಎಂದರೆ ಕೀ ತುಂಡಾಗಿರಬಹುದು, ಇಲ್ಲವೇ ಗೇರ್ ಹಲ್ಲು ಹೋಗಿರಬಹುದು. ಟೇಬಲ್ ಗುದ್ದಿದಾಗ ಆಗುವುದು ಇದೇ.

ತಟ್ಟಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂದರೆ ಬ್ರಷ್ ನೋಡಿ. ಅದು ಗಿಡ್ಡವಾದಂತೆ ಸ್ಪ್ರಿಂಗ್ ಒತ್ತಡ ಕಡಿಮೆಯಾಗುತ್ತದೆ. ಹಳೆಯ ಬ್ರಷ್ಷನ್ನೇ ಮತ್ತೆ ಹಾಕುವುದಾದರೆ ಮೊದಲಿದ್ದ ಮುಖಕ್ಕೇ ಹಾಕಿ, ಅದು ಮೋಟರ್‌ನ ತಿರುಗುವ ತಾಮ್ರದ ಭಾಗವಾದ ಕಮ್ಯುಟೇಟರ್ ಆಕಾರಕ್ಕೆ ಸವೆದಿರುತ್ತದೆ. ಬೋರ್ಡ್ ಮುಟ್ಟುವುದಾದರೆ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಕಾಯಿರಿ. ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಗೇರ್, ಬೋರ್ಡ್ ಎರಡೂ ಹೋಗಿದ್ದರೆ ಹೊಸ ಯೂನಿಟ್ ತರುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ತರುವ ಮೊದಲು ಸ್ಕ್ರೂ ತುದಿಯ ವ್ಯಾಸ, ಕೀ ಅಗಲ, ಹೊರಗೆ ಚಾಚಿದ ಉದ್ದ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳಿ. ಕೆಲವು ಮೆಷಿನ್ ಇಂಚಿನ ಅಳತೆ, ಕೆಲವು ಮಿಲಿಮೀಟರ್. ಸುಮ್ನೆ ಕಣ್ಣಳತೆಯಲ್ಲಿ ಹೋದರೆ ಮತ್ತೆ ಬುಷ್ ಟರ್ನ್ ಮಾಡಿಸಬೇಕಾಗುತ್ತದೆ.

ವೋಲ್ಟೇಜ್ ವಿಷಯದಲ್ಲಿ ತುಂಬಾ ಜಾಗ್ರತೆ. ಹೊರದೇಶದಿಂದ ಬರುವ ಎಷ್ಟೋ ಯೂನಿಟ್‌ಗಳು 110 ವೋಲ್ಟ್‌ನವು. ನಮ್ಮ ಸಾಕೆಟ್‌ನಲ್ಲಿ ಬರುವುದು 230. ನೇರ ಚುಚ್ಚಿದರೆ ಹೊಸ ಬೋರ್ಡ್ ಸುಟ್ಟುಹೋಗುತ್ತದೆ. ನೇಮ್‌ಪ್ಲೇಟ್ ಓದಿ, ಬೇಕಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ. ಎಸ್‌ಪಿ ರೋಡ್‌ನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಅದನ್ನು ಕೇಳುವಾಗ ಯೂನಿಟ್ ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬುದನ್ನೂ ಹೇಳಿ, ಇಲ್ಲದಿದ್ದರೆ ಚಿಕ್ಕದು ಕೊಟ್ಟುಬಿಡುತ್ತಾರೆ. ಅರ್ಥಿಂಗ್ ತಪ್ಪಿಸಬೇಡಿ.

ಕೂರಿಸುವಾಗ ತಾಳ್ಮೆ ಬೇಕಾದ ಜಾಗ ಬೆವೆಲ್ ಗೇರ್. ತೀರಾ ಒತ್ತಿ ಕೂತರೆ ಕಿರುಚುತ್ತದೆ, ಹಲ್ಲು ಬೇಗ ಸವೆಯುತ್ತದೆ. ಸಡಿಲವಾದರೆ ದಿಕ್ಕು ಬದಲಿಸಿದಾಗಲೆಲ್ಲ ಟಕ್ ಎನ್ನುತ್ತದೆ. ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಅದರ ಒಂದು ಪಟ್ಟಿಯನ್ನು ಹಲ್ಲುಗಳ ನಡುವೆ ಹಾಕಿ ತಿರುಗಿಸಿ. ಹಾಳೆ ಹರಿಯದೆ, ಮಡಿಕೆ ಮಾತ್ರ ಮೂಡಿ ಹೊರಬಂದರೆ ಹದವಾಗಿದೆ. ಇಲ್ಲದಿದ್ದರೆ ತೆಳು ತಗಡಿನ ಶಿಮ್ ಹಾಕಿ ಇಲ್ಲವೇ ತೆಗೆದು ಮತ್ತೆ ನೋಡಿ. ನನಗೆ ನಾಲ್ಕು ಸಲ ಬಿಚ್ಚಿ ಹಾಕಬೇಕಾಯಿತು.

ಮೊದಲ ಸಲ ಓಡಿಸುವ ಮುಂಚೆ ಲಿಮಿಟ್ ಸ್ಟಾಪ್‌ಗಳನ್ನು ಎರಡೂ ಕಡೆ ಬಿಗಿ ಮಾಡಿ. ಟೇಬಲ್ ಹ್ಯಾಂಡಲ್ ಫೀಡ್ ಜೊತೆ ತಿರುಗುತ್ತದೆಯಾ ನೋಡಿ. ತಿರುಗಿದರೆ ರ‍್ಯಾಪಿಡ್ ಒತ್ತಿದಾಗ ಅದು ಕೈಗೆ, ಹೊಟ್ಟೆಗೆ ಬಡಿಯುತ್ತದೆ. ಅದನ್ನು ಹೊರಗೆಳೆದು ಬಿಡಿಸಿಡಿ.

ಕೊನೆಗೆ ವೇಗ ಅಳೆಯುವುದು. ನಾಬ್ ಮೇಲಿನ ಅಂಕಿಯನ್ನು ನಂಬಬೇಡಿ. 12 ಮಿ.ಮೀ.ನ ನಾಲ್ಕು ಹಲ್ಲಿನ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಎಂಡ್‌ಮಿಲ್‌ನಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್) ಕಟ್ ಮಾಡುತ್ತೀರಿ ಎನ್ನಿ. ಕಟಿಂಗ್ ಸ್ಪೀಡ್ ನಿಮಿಷಕ್ಕೆ 25 ಮೀಟರ್ ಹಿಡಿದರೆ ಸ್ಪಿಂಡಲ್ ಸುಮಾರು 660 ಆರ್‌ಪಿಎಂ. ಹಲ್ಲಿಗೆ 0.05 ಮಿ.ಮೀ. ಫೀಡ್ ಎಂದರೆ 0.05 × 4 × 660, ಅಂದರೆ ನಿಮಿಷಕ್ಕೆ 132 ಮಿ.ಮೀ. ಆ ಲೆಕ್ಕದಲ್ಲಿ ಟೇಬಲ್ 100 ಮಿ.ಮೀ. ದಾಟಲು ಸುಮಾರು 45 ಸೆಕೆಂಡ್ ಬೇಕು. ಮೊಬೈಲ್‌ನ ಸ್ಟಾಪ್‌ವಾಚ್ ಇಟ್ಟು ನೋಡಿ, 45 ಬರುವ ಜಾಗದಲ್ಲಿ ನಾಬ್ ಪಕ್ಕ ಮಾರ್ಕರ್‌ನಿಂದ ಒಂದು ಗೆರೆ ಎಳೆದು 132 ಎಂದು ಬರೆದಿಡಿ.