ಶುಗರೇ ಇಲ್ಲ, ಮತ್ತೆ ಶುಗರ್ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ, ತೂಕ 102 ಕೆ.ಜಿ. ಕಾಫಿ ಕಣದಿಂದ ಮನೆಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಸಂಜೆಗೆ ಕಾಲು ಊತ. ಹಾರ್ಟ್ ಫೇಲ್ಯೂರ್ ಅಂತ ಡಪಾಗ್ಲಿಫ್ಲೋಜಿನ್ ಬರೆದಿದ್ದಾರೆ. ಮೆಡಿಕಲ್‌ನವರು "ಶುಗರ್ ಯಾವಾಗ ಬಂತು?" ಅಂದರು. ಇವರಿಗೆ ಶುಗರೇ ಇಲ್ಲ! ಕೊಡಬಹುದಾ? (ಸೋಮವಾರಪೇಟೆಯ ಓದುಗರು)

ಡಾಕ್ಟರು ತಪ್ಪಿ ಬರೆದದ್ದಲ್ಲ, ಕೊಡಿ. ಶುಗರ್ ಇಲ್ಲ ಅನ್ನೋದು ಅವರಿಗೆ ಗೊತ್ತೇ ಇರುತ್ತದೆ. ಅನುಮಾನ ಕಾಡಿದರೆ ಒಂದು ಫೋನ್ ಮಾಡಿ. ಮಾತ್ರೆ ಮಾತ್ರ ಕಪಾಟಿನಲ್ಲಿ ಕೂರೋದು ಬೇಡ.

ಇದು ಹುಟ್ಟಿದ್ದು ಶುಗರ್‌ಗಾಗಿಯೇ. ಕಿಡ್ನಿಯಲ್ಲಿ ಸಕ್ಕರೆ ವಾಪಸ್ ರಕ್ತಕ್ಕೆ ಹೋಗದಂತೆ ತಡೆದು ಮೂತ್ರದಲ್ಲಿ ಕಳಿಸುತ್ತದೆ. ಜೊತೆಗೆ ಒಂದಷ್ಟು ಉಪ್ಪು, ನೀರೂ ಹೋಗುತ್ತದೆ. ಹೃದಯಕ್ಕೆ ಹೊರೆ ಕಡಿಮೆ. ಶುಗರ್ ಇಲ್ಲದವರ ಹೃದಯಕ್ಕೂ ಅಷ್ಟೇ ಲಾಭ ಅಂತ 2019ರ ದೊಡ್ಡ ಅಧ್ಯಯನದಲ್ಲಿ ಗೊತ್ತಾಯಿತು. ಶುಗರ್ ಇಲ್ಲದವರಿಗೆ ಇದೊಂದರಿಂದಲೇ ಲೋ ಶುಗರ್ ಆಗೋದು ತೀರಾ ಅಪರೂಪ.

ಈಗ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ತೆಗೆದು ನೋಡಿ. 'ಇ.ಎಫ್.' ಅಂತ ಒಂದು ನಂಬರ್ ಇರುತ್ತದೆ; ತುಂಬಿಕೊಂಡ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೃದಯ ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನೋ ಲೆಕ್ಕ ಅದು. 50 ಅಥವಾ ಜಾಸ್ತಿ ಇದ್ದರೆ ಹೃದಯ ಹಿಂಡೋದು ಸರಿಯಾಗಿಯೇ ಇದೆ, ಸಡಿಲವಾಗಿ ರಕ್ತ ತುಂಬಿಕೊಳ್ಳೋಕೆ ಆಗುತ್ತಿಲ್ಲ ಅಂತ. ತೂಕ ಜಾಸ್ತಿ ಇರುವವರಲ್ಲಿ ಈ ಬಗೆಯೇ ಹೆಚ್ಚು. ಕೊಬ್ಬು ಹೊಟ್ಟೆಗಷ್ಟೇ ಸೇರೋದಿಲ್ಲ, ಹೃದಯದ ಸುತ್ತಲೂ ಕೂರುತ್ತದೆ.

ಇಂಥವರಿಗೆ, ಶುಗರ್‌ಗೂ ತೂಕ ಇಳಿಸೋಕೂ ಕೊಡುವ ವಾರಕ್ಕೊಮ್ಮೆಯ ಸೆಮಾಗ್ಲುಟೈಡ್ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಬಹುದು. 2023ರಲ್ಲಿ ಶುಗರ್ ಇಲ್ಲದ, ಬೊಜ್ಜಿರುವ 529 ಜನರ ಮೇಲೆ ನಡೆದ ಅಧ್ಯಯನದಲ್ಲಿ ಇದನ್ನು ತಗೊಂಡವರ ತೂಕ ಒಂದು ವರ್ಷಕ್ಕೆ ಸುಮಾರು 13% ಇಳಿಯಿತು. ಆರು ನಿಮಿಷದಲ್ಲಿ ನಡೆಯುವ ದೂರ, ಬರೀ ಹುಸಿ ಇಂಜೆಕ್ಷನ್ ತಗೊಂಡವರಿಗಿಂತ 20 ಮೀಟರ್‌ನಷ್ಟು ಜಾಸ್ತಿಯಾಯಿತು. ಕೇಳೋಕೆ ಸಣ್ಣದು. ಅರ್ಧ ಮೆಟ್ಟಿಲಿಗೇ ಕೂತುಬಿಡುವವರಿಗೆ ಸಣ್ಣದಲ್ಲ. ಇಂಥದ್ದೇ ಇನ್ನೊಂದು ಇಂಜೆಕ್ಷನ್ ಟಿರ್ಜೆಪಟೈಡ್‌ಗೂ 2024ರಲ್ಲಿ ಒಳ್ಳೆಯ ಫಲಿತಾಂಶ ಬಂತು. ಆದರೆ ಇ.ಎಫ್. 40ಕ್ಕಿಂತ ಕಡಿಮೆ ಇದ್ದರೆ ಈ ಇಂಜೆಕ್ಷನ್‌ಗಳಿಗೆ ಅಂಥ ಪುರಾವೆ ಇಲ್ಲ, ಹುಷಾರಾಗಿರಬೇಕು. ದುಬಾರಿ ಬೇರೆ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ ನಮ್ಮ ಕೊಡಗಿನಲ್ಲಿ ಇದನ್ನೂ ಯೋಚಿಸಬೇಕಲ್ವಾ? ಫ್ರಿಜ್‌ನ ಹೊರಗೆ ಎಷ್ಟು ದಿನ ಇಡಬಹುದು ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ.

ಶುಗರ್ ಮಾತ್ರೆಗಳೆಲ್ಲ ಒಂದೇ ಅಂದುಕೊಂಡು ಪಕ್ಕದ ಮನೆಯವರದ್ದನ್ನು ಕೊಟ್ಟೀರಿ, ಜೋಕೆ. ಪಯೋಗ್ಲಿಟಜೋನ್ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅದು ಬೇಡವೇ ಬೇಡ.

ಡಪಾಗ್ಲಿಫ್ಲೋಜಿನ್ ಶುರುಮಾಡಿದ ಮೇಲೆ ಮೂತ್ರ ಜಾಸ್ತಿ ಆಗಬಹುದು. ಮೂತ್ರದಲ್ಲಿ ಸಕ್ಕರೆ ಹೋಗೋದರಿಂದ ಆ ಜಾಗದಲ್ಲಿ ತುರಿಕೆ, ಫಂಗಸ್ ಬರಬಹುದು. ಹೇಳೋಕೆ ನಾಚಿಕೆಪಟ್ಟು ಸುಮ್ನೆ ಇರಬೇಡಿ. ವಾಂತಿ-ಭೇದಿ ಆಗಿ ಊಟ ಸೇರದಿದ್ದರೆ ಅವತ್ತು ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಆಪರೇಷನ್ ಇದ್ದರೂ ಮೊದಲೇ ಹೇಳಿ. ಈಗಾಗಲೇ ನೀರಿನ ಮಾತ್ರೆ (ಮೈಯ ನೀರು ಮೂತ್ರದಲ್ಲಿ ಇಳಿಸುವ ಮಾತ್ರೆ) ತಗೊಳ್ತಿದ್ದರೆ ಅದರ ಡೋಸ್ ಇಳಿಸಬೇಕಾಗಬಹುದು.

ಪಂದಿಕರಿ ಬಿಟ್ಟುಬಿಡಿ ಅಂತ ಹೇಳಿ ನಿಮ್ಮ ಮನೆಯಲ್ಲಿ ಜಗಳ ಹಚ್ಚೋದಿಲ್ಲ. ಆದರೆ ಮಳೆಗಾಲದ ಒಣಮೀನು, ಉಪ್ಪಿನಕಾಯಿ ಕಡಿಮೆ ಮಾಡಿ. ಆ ಉಪ್ಪೇ ಸಂಜೆಗೆ ಕಾಲಲ್ಲಿ ಊತವಾಗಿ ಕಾಣೋದು. ಬೆಳಗ್ಗೆ ಮೂತ್ರ ಮಾಡಿ ಬಂದ ಮೇಲೆ, ಕಾಫಿ ಕುಡಿಯುವ ಮುಂಚೆ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.